ದಂಡಿನ ಕೋವಿಯನ್ನು ಕೊಯ್ಯಬೇಕೇ, ಕಾಯಬೇಕೇ?

ಯುದ್ಧ ಮುಗಿದ ಮೇಲೆ ಬದುಕಿ ಉಳಿದ ಸಿಪಾಯಿ ಊರಿಗೆ ಮರಳಿ ನೇಗಿಲು ಹಿಡಿಯುತ್ತಾನೆ. ಅವನ ಹೆಗಲ ಮೇಲಿದ್ದ ಕೋವಿಯ ಗತಿಯೇನು? ಅದು ಸರ್ಕಾರದ ಉಗ್ರಾಣ ಸೇರುತ್ತದೆ. ಹೊಸ ಮಾದರಿ ಬಂದೊಡನೆ ಹಳೆಯದು ಹೊರೆಯಾಗುತ್ತದೆ. ಕೆಲವು ದೇಶಗಳು ಅದನ್ನು ಕರಗಿಸುತ್ತವೆ, ಕೆಲವು ಬೇರೆ ದೇಶಗಳಿಗೆ ದಾಟಿಸುತ್ತವೆ, ಇನ್ನು ಕೆಲವು ತಮ್ಮ ಜನರಿಗೇ ಅಗ್ಗದ ಬೆಲೆಗೆ ಮಾರಿಬಿಡುತ್ತವೆ. ಹೀಗೆ ಮಾರಿದಲ್ಲೆಲ್ಲ ಕೊಂಡವರಲ್ಲಿ ರೈತರೂ ಬೇಟೆಗಾರರೂ ಇದ್ದರು. ಮನುಷ್ಯರ ಮೇಲೆ ಹಾರಿಸಲು ಮಾಡಿದ ಆಯುಧವನ್ನು ಜಿಂಕೆ ಹೊಡೆಯಲು, ಬೆಳೆ ಕಾಯಲು ಒಗ್ಗಿಸಿಕೊಳ್ಳುವುದಕ್ಕಾಗಿ ಅವರು ಅದರ ಮರವನ್ನೂ ಉಕ್ಕನ್ನೂ ಕೊಯ್ದರು. ಇಂದು ಅದೇ ಕೋವಿಗಳನ್ನು ಕೊಯ್ಯದೆ ಇದ್ದಂತೆಯೇ ಕಾಯಬೇಕೆಂಬ ವಾದ ಎದ್ದಿದೆ. ಎರಡೂ ಕಡೆಯ ಮಾತಿನಲ್ಲಿ ಹುರುಳಿದೆ. ಆದರೆ ತಕ್ಕಡಿ ಸಮವಾಗಿ ನಿಲ್ಲುವುದಿಲ್ಲವೆಂದು ನಮ್ಮ ಎಣಿಕೆ.

ಈ ವಿಚಾರಕ್ಕೆ ಅಮೆರಿಕವೇ ದೊಡ್ಡ ಉದಾಹರಣೆ. 1865ರಲ್ಲಿ ಅಲ್ಲಿಯ ಅಂತರ್ಯುದ್ಧ ಮುಗಿದು ದಂಡು ಚದುರಿದಾಗ, ಸಿಪಾಯಿಗಳು ಬೇಕಾದರೆ ತಮ್ಮ ಆಯುಧಗಳನ್ನು ಬೆಲೆ ಕೊಟ್ಟು ಮನೆಗೆ ಒಯ್ಯಬಹುದೆಂದು ಸರ್ಕಾರ ಅಪ್ಪಣೆ ಮಾಡಿತು. ಬಂದೂಕಿಗೆ 6 ಡಾಲರು, ಸ್ಪೆನ್ಸರ್ ಕಾರ್ಬೈನಿಗೆ 10 ಡಾಲರು, ಕತ್ತಿಗೆ 3 ಡಾಲರು. ಒಂಟಿ ಗುಂಡು ನೆಟ್ಟಗೆ ಹೋಗಬೇಕಾದರೆ ನಳಿಗೆಯ ಒಳಗೆ ಸುರುಳಿಯಾಕಾರದ ಗೀರುಗಳಿರಬೇಕು. ಚರೆ ಹೊಡೆಯಲು ನಳಿಗೆ ನುಣುಪಾಗಿರಬೇಕು. ಹೊಲಮನೆಯವರಿಗೆ ಬೇಕಾದದ್ದು ಚರೆಕೋವಿ. ಆದ್ದರಿಂದ ದಂಡಿನ ಎಷ್ಟೋ ಬಂದೂಕುಗಳ ಗೀರುಗಳನ್ನು ಬೈರಿಗೆಯಿಂದ ಕೊರೆದು ತೆಗೆದು ನುಣುಪು ಮಾಡಿದರು.

ಇದಕ್ಕಿಂತ ಸೊಗಸಾದ ಕಥೆ ಫ್ರಾನ್ಸಿನ ಕೋವಿಯದು. ಬಾಯಿಂದ ಮದ್ದು ತುಂಬುತ್ತಿದ್ದ ತನ್ನ ಹಳೆಯ ಬಂದೂಕುಗಳ ಹಿಂಬದಿಯನ್ನು ಆ ದೇಶದ ದಂಡು 1867ರ ಸುಮಾರಿಗೆ ಕೊಯ್ಯಿಸಿ, ತೋಟೆ ಇಡಲು ಪಕ್ಕಕ್ಕೆ ತೆರೆಯುವ ಒಂದು ಮುಚ್ಚಳವನ್ನು ಕೂರಿಸಿತು. ಅದು ನಸ್ಯದ ಡಬ್ಬಿಯ ಮುಚ್ಚಳದಂತೆ ತೆರೆಯುತ್ತಿದ್ದುದರಿಂದ ಆ ಕೋವಿಗೆ ನಸ್ಯದ ಡಬ್ಬಿಯೆಂದೇ ಹೆಸರಾಯಿತು. ಕೆಲವೇ ವರ್ಷಗಳಲ್ಲಿ ಅದೂ ಹಳತಾಯಿತು. ಆಗ ಬೆಲ್ಜಿಯಂ ದೇಶದ ಲಿಯೇಜ್ ನಗರದ ಕೋವಿ ಕಸುಬಿನವರು ಅದನ್ನು 12 ಬೋರಿನ ಚರೆಕೋವಿಯಾಗಿ ಮಾರ್ಪಡಿಸಿದರು. ‘ಜುಲು’ ಎಂಬ ಹೆಸರಿನಲ್ಲಿ ಅದು ಅಮೆರಿಕದ ಬಡ ರೈತರ ಕೈ ಸೇರಿತು. ಒಂದೇ ಕೋವಿ ಮೂರು ಜನ್ಮ ಎತ್ತಿದಂತಾಯಿತು. ಕಾಸಿಲ್ಲದವನೊಬ್ಬ ತನ್ನ ಕೋಳಿಗೂಡನ್ನು ನರಿಯಿಂದ ಉಳಿಸಿಕೊಳ್ಳಲು ಇಂಥ ಕೋವಿ ಕೊಂಡರೆ ಅದನ್ನು ತಪ್ಪೆನ್ನಲು ಯಾರಿಗೆ ಬಾಯಿ ಬಂದೀತು?

ಇಪ್ಪತ್ತನೆಯ ಶತಮಾನದಲ್ಲಿ ಈ ಕೆಲಸ ಇನ್ನೂ ಬೆಳೆಯಿತು. 1892ರಲ್ಲಿ ಅಮೆರಿಕದ ಸೇನೆ ಒಪ್ಪಿಕೊಂಡಿದ್ದ ಕ್ರಾಗ್ ರೈಫಲನ್ನು 1920ರ ದಶಕದಲ್ಲಿ ಅಲ್ಲಿಯ ರೈಫಲ್ ಸಂಘದ ಸದಸ್ಯರಿಗೆ ಒಂದೂವರೆ ಡಾಲರಿಗೆ ಮಾರಿದ್ದುಂಟು. ಎರಡನೆಯ ಮಹಾಯುದ್ಧದ ತರುವಾಯವಂತೂ ಜರ್ಮನಿಯ ಮೌಸರ್, ಬ್ರಿಟನ್ನಿನ ಲೀ-ಎನ್‌ಫೀಲ್ಡ್, ಇಟಲಿಯ ಕಾರ್ಕಾನೋ ಎಲ್ಲವೂ ಹಡಗುಗಟ್ಟಲೆ ಬಂದಿಳಿದವು. ಸಲಿಕೆ ಗುದ್ದಲಿ ಮಾರುವ ಅಂಗಡಿಯಲ್ಲಿಯೇ ಅವುಗಳನ್ನು ಸೌದೆಯಂತೆ ಒಟ್ಟಿ ಇಟ್ಟಿರುತ್ತಿದ್ದರು.

ಕೊಂಡವರು ಏನು ಮಾಡುತ್ತಿದ್ದರು? ಲೀ-ಎನ್‌ಫೀಲ್ಡನ್ನೇ ತೆಗೆದುಕೊಳ್ಳೋಣ, ಅದು ನಮ್ಮ ದೇಶದವರಿಗೂ ಕಂಡು ಗೊತ್ತಿರುವ ತ್ರೀ-ನಾಟ್-ತ್ರೀ. ತೂಕ ಸುಮಾರು 4 ಕಿಲೋ, ಹತ್ತು ತೋಟೆ ಹಿಡಿಸುವ ಪೆಟ್ಟಿಗೆ, ನಳಿಗೆಯ ತುದಿಯವರೆಗೂ ಮರದ ಹೊದಿಕೆ. ಬಿಡುವಿಲ್ಲದೆ ಈಡು ಹೊಡೆದಾಗ ಕಾದ ನಳಿಗೆ ಸಿಪಾಯಿಯ ಕೈ ಸುಡದಿರಲೆಂದು ಆ ಹೊದಿಕೆ. ಮೂತಿಯ ಕಬ್ಬಿಣ ಸನೀನು ಸಿಕ್ಕಿಸುವುದಕ್ಕೆ. ದಿನವಿಡೀ ಅಲೆದು ಒಂದೋ ಎರಡೋ ಈಡು ಹೊಡೆಯುವ ಬೇಟೆಗಾರನಿಗೆ ಇವೆರಡೂ ಬೇಡದ ಭಾರ. ಹೀಗಾಗಿ ಮೊದಲು ಗರಗಸ ಬೀಳುತ್ತಿದ್ದುದು ಮುಂಭಾಗದ ಮರದ ಮೇಲೆ. ಆಮೇಲೆ ನಳಿಗೆಯನ್ನು ನಾಲ್ಕಾರು ಅಂಗುಲ ಕಡಿಮೆ ಮಾಡುವುದು, ದಂಡಿನ ಗುರಿಪಟ್ಟಿಯನ್ನು ಕಿತ್ತು ದುರ್ಬೀನು ಕೂರಿಸಲು ಉಕ್ಕಿಗೆ ತೂತು ಕೊರೆಯುವುದು, ಕೊನೆಗೆ ಮುದ್ರೆಗಳನ್ನೆಲ್ಲ ಅರ ಹಾಕಿ ಉಜ್ಜಿ ಕನ್ನಡಿಯಂತೆ ಹೊಳಪೇರಿಸುವುದು. ಕೆಲವರ ಕೈಯಲ್ಲಿ ಇದು ನಿಜಕ್ಕೂ ಕುಸುರಿ ಕೆಲಸವಾಗಿತ್ತು. ಹೆಚ್ಚಿನವರದು ಬಡಗಿ ಊಟಕ್ಕೆ ಹೋದಾಗ ಅವನ ಗರಗಸ ಎತ್ತಿಕೊಂಡು ಮಾಡಿದಂತಿರುತ್ತಿತ್ತು.

ಕೊಯ್ಯದೆ ಬೇಟೆ ಆಗುವುದೇ ಇಲ್ಲವೆಂದಲ್ಲ. ಕೆನಡಾದ ಉತ್ತರದ ಹಿಮಸೀಮೆಯಲ್ಲಿ ಕಾವಲು ತಿರುಗುವ ರೇಂಜರ್ ದಳದವರು 1947ರಿಂದ ಎಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ದಂಡಿನ ಲೀ-ಎನ್‌ಫೀಲ್ಡನ್ನೇ ಬಳಸಿದರು. ಹಿಮಕರಡಿ ಎದುರಾದರೆ ಅದೇ ಅವರ ರಕ್ಷೆ. 2018ರಲ್ಲಷ್ಟೇ ಅವರಿಗೆ ಹೊಸ ರೈಫಲ್ ಬರತೊಡಗಿತು. ಬದಲಿಸಲೇಬೇಕಾದದ್ದು ಕೋವಿಯಲ್ಲ, ಗುಂಡು. ದಂಡಿನ ಗುಂಡಿಗೆ ಪೂರ್ತಿ ಲೋಹದ ಕವಚವಿರುವುದರಿಂದ ಅದು ಮೃಗದ ಮೈಯನ್ನು ತೂರಿ ಹೊರಟುಹೋಗುತ್ತದೆ, ಗಾಯಗೊಂಡ ಪ್ರಾಣಿ ನರಳುತ್ತ ಕಾಡು ಸೇರುತ್ತದೆ. ಆದ್ದರಿಂದ ಬೇಟೆಗೆ ಮೆತ್ತನೆ ಮೊನೆಯ ಗುಂಡು. ಮೈ ಹೊಕ್ಕು ಅರಳುವ ಇಂಥ ಗುಂಡನ್ನು ಯುದ್ಧದಲ್ಲಿ ಬಳಸಬಾರದೆಂದು 1899ರಲ್ಲಿ ಹೇಗ್ ನಗರದ ಸಮ್ಮೇಳನ ಸಾರಿತು. ಮನುಷ್ಯನ ಮಟ್ಟಿಗೆ ಕ್ರೌರ್ಯವೆಂದು ಬಿಟ್ಟದ್ದೇ ಮೃಗದ ಮಟ್ಟಿಗೆ ಕರುಣೆಯಾದದ್ದು ವಿಚಿತ್ರವಾದರೂ ನಿಜ.

ಹೊಳಪಿಗಾಗಿ ಉಜ್ಜಿ ಹಾಕುತ್ತಿದ್ದ ಆ ಮುದ್ರೆ ಮತ್ತು ನಂಬರುಗಳ ವಿಚಾರವನ್ನು ಮಾತ್ರ ಸ್ವಲ್ಪ ನಿಧಾನವಾಗಿ ನೋಡಬೇಕು. ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಕಾರ್ಖಾನೆಯಲ್ಲಿ 1903ರ ಮಾದರಿಯ ರೈಫಲ್ ತಯಾರಾಗುತ್ತಿತ್ತು. ತೋಟೆ ಸಿಡಿದಾಗ ಅದರ ಪೂರ್ತಿ ಬಲವನ್ನು ತಡೆದು ಹಿಡಿಯುವ ಉಕ್ಕಿನ ಕಟ್ಟನ್ನು ರಿಸೀವರ್ ಎನ್ನುತ್ತಾರೆ. ಅದನ್ನು ಕುಲುಮೆಯಲ್ಲಿ ಎಷ್ಟು ಕಾಯಿಸಬೇಕೆಂಬುದನ್ನು ನುರಿತ ಕೆಲಸಗಾರರು ಬಣ್ಣ ನೋಡಿಯೇ ತೀರ್ಮಾನಿಸುತ್ತಿದ್ದರು. ನಮ್ಮೂರ ಕಮ್ಮಾರ ಕುಡುಗೋಲಿನ ಕಾವು ನೋಡುವಂತೆ. 1917ರಲ್ಲಿ ಕೆಲವು ರೈಫಲುಗಳು ಹಾರಿಸಿದವನ ಮುಖದ ಬಳಿಯೇ ಒಡೆದವು. ಮಾಪಕ ಹಿಡಿದು ಪರೀಕ್ಷಿಸಿದಾಗ ಕಾರಣ ಬಯಲಾಯಿತು. ಬಿಸಿಲು ಪ್ರಖರವಾಗಿದ್ದ ದಿನ ಕಾದ ಉಕ್ಕಿನ ಕೆಂಪು ಕಣ್ಣಿಗೆ ಮಂಕಾಗಿ ಕಾಣುತ್ತಿತ್ತು, ಕೆಲಸಗಾರ ಇನ್ನಷ್ಟು ಕಾಯಿಸುತ್ತಿದ್ದ. ಮೋಡದ ದಿನಕ್ಕೂ ಬಿಸಿಲಿನ ದಿನಕ್ಕೂ ಕಾವಿನಲ್ಲಿ 300 ಡಿಗ್ರಿ ಫ್ಯಾರನ್‌ಹೀಟ್‌ವರೆಗೆ ಅಂತರವಿತ್ತು. ಹೆಚ್ಚು ಕಾದ ಉಕ್ಕು ಪೆಡಸಾಗಿ ಮಡಕೆಯಂತೆ ಚೂರಾಗುತ್ತಿತ್ತು. 1918ರಲ್ಲಿ ಕ್ರಮ ಬದಲಾಯಿತು. ಅಂದಿನಿಂದ ಆ ಕಾರ್ಖಾನೆಯ 8 ಲಕ್ಷಕ್ಕಿಂತ ಕಡಿಮೆ ನಂಬರಿನ ರೈಫಲನ್ನು ತಿಳಿದವರು ಹಾರಿಸುವುದಿಲ್ಲ.

ಅಂದರೆ ಆ ನಂಬರು ಬರಿಯ ಅಲಂಕಾರವಲ್ಲ. ಅದನ್ನು ಉಜ್ಜಿ ಹಾಕಿದವನು ಮುಂದೆ ಆ ಕೋವಿ ಹಿಡಿಯುವವನ ಕಣ್ಣಿಗೆ ಬಟ್ಟೆ ಕಟ್ಟಿದಂತೆ.

ಮುದ್ರೆಗಳು ಬೇರೊಂದು ಕಥೆಯನ್ನೂ ಹೇಳುತ್ತವೆ, ಅದು ನಮ್ಮ ದೇಶದ ಕಥೆ. ಲೀ-ಎನ್‌ಫೀಲ್ಡ್ ಬ್ರಿಟನ್ನಿನಲ್ಲಿ ಮಾತ್ರವಲ್ಲದೆ ಬಂಗಾಳದ ಇಚಾಪುರದ ರೈಫಲ್ ಕಾರ್ಖಾನೆಯಲ್ಲಿಯೂ ತಯಾರಾಯಿತು. ಅಲ್ಲಿಯ ಹಳೆಯ ರೈಫಲಿನ ಮೇಲೆ ಕಿರೀಟವೂ ಇಂಗ್ಲೆಂಡಿನ ರಾಜನ ಅಕ್ಷರಗಳೂ ಇವೆ. ಗಣರಾಜ್ಯವಾದ ಮೇಲಿನವುಗಳ ಮೇಲೆ ಅಶೋಕನ ಸಿಂಹಗಳಿವೆ. ಯಂತ್ರ ಅದೇ, ಒಡೆಯ ಬೇರೆ. 1962ರಲ್ಲಿ ಚೀನಾದ ಎದುರು ಹಿಮಾಲಯದಲ್ಲಿ ನಮ್ಮ ಜವಾನರು ಹಿಡಿದದ್ದು ಈ ತ್ರೀ-ನಾಟ್-ತ್ರೀಯನ್ನೇ. ಆ ಯುದ್ಧದ ತರುವಾಯ ಇಚಾಪುರದಲ್ಲಿ ಇದೇ ಮಾದರಿಯನ್ನು 7.62 ಮಿಲಿಮೀಟರ್ ತೋಟೆಗೆ ಒಗ್ಗಿಸಿ ಹೊಸದಾಗಿ ತಯಾರಿಸಿದರು. ಉತ್ತರ ಪ್ರದೇಶದ ಪೊಲೀಸರು ತ್ರೀ-ನಾಟ್-ತ್ರೀಗೆ ವಿದಾಯ ಹೇಳಿದ್ದು 2020ರಲ್ಲಿ. ಇಂಥ ಒಂದು ಕೋವಿಯ ಮುದ್ರೆ ಓದಬಲ್ಲವನಿಗೆ ಅದು ಶಾಸನದ ಕಲ್ಲಿದ್ದಂತೆ.

ಕೋವಿಯನ್ನು ಕೆಡಿಸಿ ಮಾರ್ಪಡಿಸುವುದು ನಮ್ಮ ನೆಲಕ್ಕೂ ಹೊಸತಲ್ಲ. ಆದರೆ ಇಲ್ಲಿ ಅದನ್ನು ಮಾಡಿದ್ದು ರೈತರಲ್ಲ, ಸರ್ಕಾರ. 1857ರ ದಂಗೆಗೆ ಕಿಡಿಯಾದ, ಕೊಬ್ಬು ಸವರಿದ ತೋಟೆ ಎನ್‌ಫೀಲ್ಡ್ ರೈಫಲಿನದೆಂಬುದು ಎಲ್ಲರಿಗೂ ಗೊತ್ತು. ದಂಗೆ ಅಡಗಿದ ಮೇಲೆ ಬ್ರಿಟಿಷರು ಅದೇ ಮಾದರಿಯ ಕೋವಿಯ ಗೀರುಗಳನ್ನು ಕೊರೆದು ತೆಗೆದು, ದೂರದ ಗುರಿಪಟ್ಟಿ ತಪ್ಪಿಸಿ, ನುಣುಪು ನಳಿಗೆಯ ಬಂದೂಕನ್ನು ಭಾರತೀಯ ಸಿಪಾಯಿಗಳ ಕೈಗೆ ಕೊಟ್ಟರು. ನೋಡಲು ಗೋರಾ ಸೋಲ್ಜರನ ಕೋವಿಯಂತೆಯೇ. ಗುರಿ ಮಾತ್ರ ದೂರ ಮುಟ್ಟದು. ಮುಂದೆ ಇಚಾಪುರದಲ್ಲಿ ಪೊಲೀಸರಿಗೂ ಕಾವಲುಗಾರರಿಗೂ ಲೀ-ಎನ್‌ಫೀಲ್ಡನ್ನೇ ಮಾರ್ಪಡಿಸಿ, ಒಮ್ಮೆಗೆ ಒಂದೇ ತೋಟೆ ಹಾಕುವ .410 ಬೋರಿನ ಮಸ್ಕೆಟ್ ಮಾಡಿದರು. ಅಪನಂಬಿಕೆಯನ್ನು ಉಕ್ಕಿನಲ್ಲಿ ಕೆತ್ತಿ ಇಟ್ಟಂತಿರುವ ಈ ಕೋವಿಗಳನ್ನು ‘ಕೆಟ್ಟದ್ದು’ ಎಂದು ಮತ್ತೆ ತಿದ್ದಿ ಮೂಲರೂಪಕ್ಕೆ ತರಹೊರಟರೆ ಅದೂ ಚರಿತ್ರೆಯನ್ನು ಅಳಿಸಿದಂತೆಯೇ ಸರಿ.

ಇಷ್ಟಾಗಿಯೂ ರೈತನಿಗೆ ಒಳ್ಳೆಯ ಕೋವಿ ಬೇಕಾದರೆ ದಂಡಿನ ಕೋವಿಯನ್ನೇ ಕೊಯ್ಯಬೇಕಾಗಿಲ್ಲವೆಂಬುದಕ್ಕೆ ಸಾಕ್ಷಿ ಇಚಾಪುರದ್ದೇ. ದಂಡಿನ ತೋಟೆ ಕಳವಾದರೂ ಖಾಸಗಿಯವರ ಕೋವಿಗೆ ಕೂರಬಾರದೆಂಬ ಭಯದಿಂದ ಜನಸಾಮಾನ್ಯರಿಗೆ .303 ಬೋರನ್ನು ನಿಷೇಧಿಸಿದ್ದರು. ಲೈಸೆನ್ಸುದಾರರಿಗಾಗಿ ಕಾರ್ಖಾನೆ ಲೀ-ಎನ್‌ಫೀಲ್ಡಿನ ಯಂತ್ರವನ್ನೇ ಇಟ್ಟುಕೊಂಡು .315 ಬೋರಿನ ರೈಫಲನ್ನು ಬೇರೆಯಾಗಿಯೇ ತಯಾರಿಸಿತು.

ಅಮೆರಿಕದಲ್ಲಿ ಅಗ್ಗದ ಕಾಲ ಕೊನೆಗೊಂಡ ಬಗೆ ದುಃಖದ್ದು. 1963ರ ನವೆಂಬರ್ 22ರಂದು ಅಧ್ಯಕ್ಷ ಕೆನಡಿಯವರನ್ನು ಕೊಂದ ಕೋವಿ, ಅಂಚೆಯ ಮೂಲಕ 19 ಡಾಲರು 95 ಸೆಂಟಿಗೆ ತರಿಸಿದ, ದುರ್ಬೀನು ಕೂರಿಸಿದ್ದ ಇಟಲಿಯ ದಂಡಿನ ಕಾರ್ಕಾನೋ. 1968ರ ಕಾಯಿದೆ ಅಂಚೆ ಮಾರಾಟವನ್ನೂ, ಹೊರದೇಶದ ದಂಡಿನ ಹಳೆಯ ಕೋವಿಗಳ ಆಮದನ್ನೂ ತಡೆಯಿತು. ಮುಂದೆ ಆಮದಿಗೆ ಸ್ವಲ್ಪ ಸಡಿಲ ಸಿಕ್ಕರೂ ರಾಶಿ ಕರಗಿಹೋಗಿತ್ತು. ಇಂದು ಅಲ್ಲಿ ಕೊಯ್ಯದ ಕೋವಿಗೆ ಕೊಯ್ದ ಕೋವಿಯ ಹಲವು ಪಟ್ಟು ಬೆಲೆ. ಅಜ್ಜ ಕೊಯ್ದೆಸೆದ ಮರದ ತುಂಡಿಗಾಗಿ ಮೊಮ್ಮಗ ಊರೂರು ಹುಡುಕುತ್ತಾನೆ.

ಬಲ್ಲವರು ಅನುಸರಿಸುವ ರೀತಿ ನಮಗೂ ಸರಿಯೆನಿಸುತ್ತದೆ. ಮರ ಮಾತ್ರ ಹೋಗಿ ನಳಿಗೆ ಪೂರ್ತಿ ಉಳಿದಿದ್ದರೆ ಹಳೆಯ ಮರ ಹುಡುಕಿ ಮೂಲರೂಪಕ್ಕೆ ತರಬಹುದು. ನಳಿಗೆ ಕೊಯ್ದು ಉಕ್ಕಿಗೆ ತೂತು ಬಿದ್ದಿದ್ದರೆ ಅದು ಬೇಟೆಯ ಕೋವಿಯಾಗಿಯೇ ಬಾಳಲಿ. ಅದರಿಂದ ಎರಡು ತಲೆಮಾರಿನ ಸಂಸಾರ ಉಂಡಿದ್ದರೆ ಅದಕ್ಕೂ ಒಂದು ಮಾನವಿದೆ. ಇಂದಿನವರೆಗೆ ಗರಗಸ ಮುಟ್ಟದ ಕೋವಿಗೆ ಮಾತ್ರ ಇನ್ನು ಗರಗಸ ಮುಟ್ಟಿಸಲೇ ಕೂಡದು. ನಾಟಿ ತಳಿಯ ಬೀಜವನ್ನು ಕಳೆದುಕೊಂಡ ಮನೆಯವರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಓದುಗರು ಯಾವ ರಾಜ್ಯದಲ್ಲಿದ್ದರೂ ಆಯುಧದ ಕಾಯಿದೆ ಒಂದೇ, 1959ರದು. ಲೈಸೆನ್ಸಿಲ್ಲದೆ ನಳಿಗೆ ಕೊಯ್ಯುವುದು ಅದರ ಪ್ರಕಾರ ಅಪರಾಧ. ಊರ ಕಮ್ಮಾರನಿಗೆ ಹಾಗೆ ಮಾಡಲು ಹೇಳುವುದು ಅವನನ್ನೂ ಹಳ್ಳಕ್ಕೆ ತಳ್ಳಿದಂತೆ. ಬೆಳೆ ಕಾಯುವವರಿಗಾಗಿ ಬಾಯಿಂದ ಮದ್ದು ತುಂಬುವ ಕೋವಿಗೆ ಲೈಸೆನ್ಸು ಕೊಡುವ ಅವಕಾಶ ಅದೇ ಕಾಯಿದೆಯಲ್ಲಿದೆ. ಲೈಸೆನ್ಸುದಾರರಾದ ಹಿರಿಯರು ತೀರಿಕೊಂಡರೆ ಕೋವಿಯನ್ನು ಅಟ್ಟಕ್ಕೆ ಸೇರಿಸದೆ ಠಾಣೆಯಲ್ಲಿಯೋ ಲೈಸೆನ್ಸುಳ್ಳ ವ್ಯಾಪಾರಿಯಲ್ಲಿಯೋ ಇರಿಸಿ, ವಾರಸುದಾರರು ತಮ್ಮ ಹೆಸರಿಗೆ ಅರ್ಜಿ ಹಾಕಬೇಕು. ಕೋವಿಯಿದ್ದ ಮಾತ್ರಕ್ಕೆ ಬೇಟೆಯ ಹಕ್ಕೂ ಬರುವುದಿಲ್ಲ. 1972ರ ವನ್ಯಜೀವಿ ಕಾಯಿದೆಯೂ ಅದರ 1991ರ ತಿದ್ದುಪಡಿಯೂ ಬೇಟೆಗೆ ಬಾಗಿಲು ಮುಚ್ಚಿವೆ. ಕಾಡುಹಂದಿಯ ಕಾಟಕ್ಕೆ ಕೇರಳ ಸರ್ಕಾರ 2022ರಲ್ಲಿ ಸ್ಥಳೀಯ ಸಂಸ್ಥೆಗಳಿಗೆ ಅಧಿಕಾರ ಕೊಟ್ಟಾಗಲೂ ಅದು ಕಂಡವರೆಲ್ಲ ಹೊಡೆಯಲು ಕೊಟ್ಟ ಅಪ್ಪಣೆಯಾಗಿರಲಿಲ್ಲ. ಕಾಸರಗೋಡು, ವಯನಾಡಿನ ಬಾಂಧವರು ಇದನ್ನು ನೆನಪಿನಲ್ಲಿಡಬೇಕು. ಅವರ ನೆರೆಯ ಕೊಡಗಿನಲ್ಲಿ ಕೈಲು ಮುಹೂರ್ತದ ದಿನ ಕೋವಿಗೆ ಹೂವೇರಿಸಿ ಪೂಜಿಸುವುದನ್ನು ಕಂಡವರಿಗೆ, ಕೋವಿಯನ್ನು ಮನೆಯ ಹಿರಿಯರಂತೆ ಕಾಣುವುದು ಹೊಸ ಮಾತಾಗಲಾರದು.

ಲೈಸೆನ್ಸಿರುವ ಹಳೆಯ ಕೋವಿ ಮನೆಯಲ್ಲಿದ್ದರೆ ಮೊದಲು ತೋಟೆಯಿಲ್ಲವೆಂದು ಖಾತ್ರಿ ಮಾಡಿಕೊಳ್ಳಿರಿ. ಮರಕ್ಕೆ ವಾರ್ನಿಷ್ ಬೇಡ, ಮರಳು ಕಾಗದದಿಂದ ಉಜ್ಜುವುದಂತೂ ಬೇಡವೇ ಬೇಡ. ಮರದ ಮೇಲೂ ಮುದ್ರೆಗಳಿರುತ್ತವೆ. ಲೀ-ಎನ್‌ಫೀಲ್ಡಿನ ಮರಕ್ಕೆ ದಂಡಿನವರು ಸವರುತ್ತಿದ್ದುದು ಹಸಿ ಅಗಸೆ ಎಣ್ಣೆ, ನಮ್ಮ ಸೊಲ್ಲಾಪುರ ಅಕ್ಕಲಕೋಟೆಯ ಕಡೆಯವರಿಗೆ ಚೆನ್ನಾಗಿ ಗೊತ್ತಿರುವ ಅಗಸೆಯದೇ. ಅಂಗೈಯಲ್ಲಿ ನಾಲ್ಕು ಹನಿ ಹಾಕಿಕೊಂಡು ತಿಕ್ಕಿದರೆ ಸಾಕು. ಎಣ್ಣೆ ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಬಣವೆಯ ಬಳಿ ಎಸೆಯಬೇಡಿರಿ; ಅಗಸೆ ಎಣ್ಣೆಯ ಬಟ್ಟೆ ಒಳಗೊಳಗೇ ಕಾದು ತಾನಾಗಿ ಹೊತ್ತಿಕೊಳ್ಳುತ್ತದೆ. ಬಿಚ್ಚಿ ಹರಡಿ ಬಯಲಿನಲ್ಲಿ ಒಣಹಾಕಿರಿ.