ಬಾದಾಮಿ ವಿಧಾನಸಭಾ ಕ್ಷೇತ್ರದ ಚುನಾವಣೆ, 2018

ಬಾದಾಮಿ ವಿಧಾನಸಭಾ ಕ್ಷೇತ್ರದ 2018ರ ಚುನಾವಣೆಯು ಕರ್ನಾಟಕದ ಹದಿನೈದನೆಯ ವಿಧಾನಸಭೆಯ ಸಾರ್ವತ್ರಿಕ ಚುನಾವಣೆಯ ಅಂಗವಾಗಿ 2018ರ ಮೇ 12ರಂದು ಬಾಗಲಕೋಟೆ ಜಿಲ್ಲೆಯ ಬಾದಾಮಿಯಲ್ಲಿ ನಡೆಯಿತು. ಅಂದಿನ ಮುಖ್ಯಮಂತ್ರಿ, ಕಾಂಗ್ರೆಸ್ ಪಕ್ಷದ ಸಿದ್ದರಾಮಯ್ಯ ಅವರು ಬಳ್ಳಾರಿಯ ಲೋಕಸಭಾ ಸದಸ್ಯರಾಗಿದ್ದ ಭಾರತೀಯ ಜನತಾ ಪಕ್ಷದ ಬಿ. ಶ್ರೀರಾಮುಲು ಅವರನ್ನು 1,696 ಮತಗಳ ಅಂತರದಿಂದ ಸೋಲಿಸಿದರು. ಜಾತ್ಯತೀತ ಜನತಾದಳದ ಹನುಮಂತ ಮಾವಿನಮರದ ಮೂರನೆಯ ಸ್ಥಾನ ಪಡೆದರು. ಅದೇ ದಿನ ಮೈಸೂರು ಜಿಲ್ಲೆಯ ಚಾಮುಂಡೇಶ್ವರಿ ಕ್ಷೇತ್ರದಲ್ಲಿ ಸಿದ್ದರಾಮಯ್ಯ ಅವರು ಸೋತದ್ದರಿಂದ, ಅವರ ವಿಧಾನಸಭಾ ಸದಸ್ಯತ್ವವು ಬಾದಾಮಿಯ ಈ ಸಣ್ಣ ಅಂತರದ ಮೇಲೆಯೇ ನಿಂತಿತು.

ಸಾಂವಿಧಾನಿಕ ಹಿನ್ನೆಲೆ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಪ್ರತಿ ರಾಜ್ಯದ ಗವರ್ನರನನ್ನು ಆ ರಾಜ್ಯದ ಮತದಾರರೆಲ್ಲರೂ ನೇರವಾಗಿ ಆರಿಸುತ್ತಾರೆ. ಭಾರತದಲ್ಲಿ ರಾಜ್ಯಪಾಲರನ್ನು ರಾಷ್ಟ್ರಪತಿಗಳು ನೇಮಿಸುತ್ತಾರೆ. ಕಾರ್ಯಾಂಗದ ನಿಜವಾದ ಅಧಿಕಾರವಿರುವ ಮುಖ್ಯಮಂತ್ರಿಯನ್ನು ಜನರು ನೇರವಾಗಿ ಆರಿಸುವುದಿಲ್ಲ. ವಿಧಾನಸಭೆಯ ಬಹುಮತ ಪಡೆದ ನಾಯಕನನ್ನು ರಾಜ್ಯಪಾಲರು ಆ ಸ್ಥಾನಕ್ಕೆ ನೇಮಿಸುತ್ತಾರೆ. ಆದ್ದರಿಂದ ಮುಖ್ಯಮಂತ್ರಿ ಸ್ಥಾನದ ಅಭ್ಯರ್ಥಿಯೂ ಸಾಮಾನ್ಯವಾಗಿ ರಾಜ್ಯದ ಯಾವುದಾದರೊಂದು ಕ್ಷೇತ್ರದಲ್ಲಿ ಉಳಿದವರಂತೆ ಗೆಲ್ಲಬೇಕಾಗುತ್ತದೆ. ಸದನದ ಸದಸ್ಯನಲ್ಲದವನು ಮುಖ್ಯಮಂತ್ರಿಯಾಗಬಹುದು, ಆದರೆ ಆರು ತಿಂಗಳೊಳಗೆ ಶಾಸಕಾಂಗದ ಸದಸ್ಯತ್ವ ಪಡೆಯಬೇಕು.

1951ರ ಪ್ರಜಾಪ್ರತಿನಿಧಿತ್ವ ಕಾಯ್ದೆಗೆ 1996ರಲ್ಲಿ ಮಾಡಿದ ತಿದ್ದುಪಡಿಯ ಪ್ರಕಾರ ಒಬ್ಬ ಅಭ್ಯರ್ಥಿ ಒಂದು ಸಾರ್ವತ್ರಿಕ ಚುನಾವಣೆಯಲ್ಲಿ ಗರಿಷ್ಠ ಎರಡು ಕ್ಷೇತ್ರಗಳಲ್ಲಿ ಸ್ಪರ್ಧಿಸಬಹುದು. ಎರಡರಲ್ಲೂ ಗೆದ್ದರೆ ಒಂದನ್ನು ಬಿಡಬೇಕು. ಬಿಟ್ಟ ಕ್ಷೇತ್ರಕ್ಕೆ ಉಪಚುನಾವಣೆ ಬರುತ್ತದೆ. 2018ರಲ್ಲಿ ಬಾದಾಮಿಯ ಇಬ್ಬರು ಪ್ರಮುಖ ಅಭ್ಯರ್ಥಿಗಳೂ ಈ ಅವಕಾಶವನ್ನು ಬಳಸಿಕೊಂಡಿದ್ದರು. ಸಿದ್ದರಾಮಯ್ಯ ಅವರಿಗೆ ಚಾಮುಂಡೇಶ್ವರಿಯೂ ಶ್ರೀರಾಮುಲು ಅವರಿಗೆ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರೂ ಇನ್ನೊಂದು ಕ್ಷೇತ್ರವಾಗಿದ್ದವು. ಇಬ್ಬರೂ ಬಾದಾಮಿಯವರಾಗಿರಲಿಲ್ಲ, ಬಾಗಲಕೋಟೆ ಜಿಲ್ಲೆಯವರೂ ಆಗಿರಲಿಲ್ಲ.

ಕ್ಷೇತ್ರ

ಬಾದಾಮಿ ವಾತಾಪಿಯೆಂಬ ಹೆಸರಿನಲ್ಲಿ ಚಾಲುಕ್ಯರ ರಾಜಧಾನಿಯಾಗಿದ್ದ ಊರು. ವಿಧಾನಸಭಾ ಕ್ಷೇತ್ರಗಳ ಪಟ್ಟಿಯಲ್ಲಿ ಇದರ ಸಂಖ್ಯೆ 23. ಗುಹಾಲಯಗಳು, ಪಟ್ಟದಕಲ್ಲು, ಮಹಾಕೂಟ ಮತ್ತು ಬನಶಂಕರಿಯಿಂದಾಗಿ ಹೊರಗಿನವರಿಗೆ ಇದು ಪ್ರವಾಸಿ ತಾಣವೆಂದೇ ಪರಿಚಿತ. ಮತದಾರರ ಲೆಕ್ಕದಲ್ಲಿ ಮಾತ್ರ ಇದು ಮಲಪ್ರಭೆಯ ದಂಡೆಯ ಕೃಷಿಕರ, ಒಣಬೇಸಾಯದ ಹಳ್ಳಿಗಳ ಮತ್ತು ನೇಕಾರರ ಕ್ಷೇತ್ರ. ರವಿಕೆ ಖಣಕ್ಕೆ ಹೆಸರಾದ ಗುಳೇದಗುಡ್ಡ ಮೊದಲು ಪ್ರತ್ಯೇಕ ಕ್ಷೇತ್ರವಾಗಿತ್ತು. 2008ರ ಕ್ಷೇತ್ರ ಪುನರ್ವಿಂಗಡಣೆಯ ಬಳಿಕ ಆ ಪಟ್ಟಣ ಬಾದಾಮಿ ಕ್ಷೇತ್ರಕ್ಕೆ ಸೇರಿತು.

ಕಾಂಗ್ರೆಸ್ಸಿನ ಬಿ.ಬಿ. ಚಿಮ್ಮನಕಟ್ಟಿ ಇಲ್ಲಿಂದ ಐದು ಬಾರಿ ಆಯ್ಕೆಯಾಗಿದ್ದರು. 2004 ಮತ್ತು 2008ರಲ್ಲಿ ಬಿಜೆಪಿಯ ಎಂ.ಕೆ. ಪಟ್ಟಣಶೆಟ್ಟಿ ಗೆದ್ದರು; 2013ರಲ್ಲಿ ಚಿಮ್ಮನಕಟ್ಟಿ ಅವರು ಕ್ಷೇತ್ರವನ್ನು ಮರಳಿ ಪಡೆದರು. ಚಿಮ್ಮನಕಟ್ಟಿ ಅವರು ಸಿದ್ದರಾಮಯ್ಯ ಅವರಂತೆಯೇ ಕುರುಬ ಸಮುದಾಯದವರು. ಮುಖ್ಯಮಂತ್ರಿಗೆ ಎರಡನೆಯ ಕ್ಷೇತ್ರವನ್ನು ಹುಡುಕುವಾಗ ಪಕ್ಷದ ಕಣ್ಣು ನಾಲ್ಕುನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಬಾದಾಮಿಯ ಮೇಲೆ ಬಿದ್ದುದಕ್ಕೆ ಈ ಹಿನ್ನೆಲೆ ಬಹುಮಟ್ಟಿಗೆ ಕಾರಣ.

ಅಭ್ಯರ್ಥಿಗಳು

ಕಾಂಗ್ರೆಸ್ ಪಕ್ಷವು ಏಪ್ರಿಲ್ ಮಧ್ಯದಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ ಬಾದಾಮಿಗೆ ದೇವರಾಜ ಪಾಟೀಲ ಅವರ ಹೆಸರಿತ್ತು. ಅದನ್ನು ಬದಲಾಯಿಸಿ ಸಿದ್ದರಾಮಯ್ಯ ಅವರನ್ನು ಕಣಕ್ಕಿಳಿಸಲಾಯಿತು. ನಾಮಪತ್ರ ಸಲ್ಲಿಕೆಯ ಕೊನೆಯ ದಿನವಾದ ಏಪ್ರಿಲ್ 24ರಂದು ಅವರೂ ಶ್ರೀರಾಮುಲು ಅವರೂ ಬಾದಾಮಿಯಲ್ಲಿ ನಾಮಪತ್ರ ಸಲ್ಲಿಸಿದರು.

ಸಿದ್ದರಾಮಯ್ಯ ಅವರು 1983ರಲ್ಲಿ ಚಾಮುಂಡೇಶ್ವರಿಯಿಂದ ಮೊದಲ ಬಾರಿಗೆ ವಿಧಾನಸಭೆಗೆ ಬಂದವರು. ಎರಡು ಬಾರಿ ಉಪಮುಖ್ಯಮಂತ್ರಿಯಾಗಿ, 2013ರಿಂದ ಮುಖ್ಯಮಂತ್ರಿಯಾಗಿ ಕೆಲಸ ಮಾಡಿದ್ದ ಅವರು 2018ರ ಫೆಬ್ರವರಿಯಲ್ಲಿ ತಮ್ಮ ಹದಿಮೂರನೆಯ ಮುಂಗಡಪತ್ರವನ್ನು ಮಂಡಿಸಿದ್ದರು. ದೇವರಾಜ ಅರಸು ಅವರ ನಂತರ ಐದು ವರ್ಷಗಳ ಪೂರ್ಣಾವಧಿ ಮುಗಿಸಿದ ಮೊದಲ ಮುಖ್ಯಮಂತ್ರಿ ಎಂಬ ಹೆಗ್ಗಳಿಕೆಯೂ ಅವರಿಗಿತ್ತು. ಅನ್ನಭಾಗ್ಯ, ಕ್ಷೀರಭಾಗ್ಯ, ಇಂದಿರಾ ಕ್ಯಾಂಟೀನ್‌ಗಳನ್ನು ಅವರ ಪ್ರಚಾರ ಮುಂದಿಟ್ಟಿತು. ಆದರೆ 2018ರ ಮಾರ್ಚ್‌ನಲ್ಲಿ ಅವರ ಸಚಿವ ಸಂಪುಟ ಲಿಂಗಾಯತರಿಗೆ ಪ್ರತ್ಯೇಕ ಧರ್ಮದ ಅಲ್ಪಸಂಖ್ಯಾತ ಸ್ಥಾನ ನೀಡಲು ಕೇಂದ್ರಕ್ಕೆ ಶಿಫಾರಸು ಮಾಡಿತ್ತು. ಬಸವಣ್ಣನವರ ಐಕ್ಯಸ್ಥಳವಾದ ಕೂಡಲಸಂಗಮ ಇರುವ ಜಿಲ್ಲೆಯಲ್ಲಿ ಆ ನಿರ್ಧಾರ ಯಾರಿಗೂ ದೂರದ ಸುದ್ದಿಯಾಗಿರಲಿಲ್ಲ. ಹಳೆಯ ವರುಣಾ ಕ್ಷೇತ್ರವನ್ನು ಮಗ ಯತೀಂದ್ರ ಅವರಿಗೆ ಬಿಟ್ಟುಕೊಟ್ಟು ಚಾಮುಂಡೇಶ್ವರಿಗೆ ಮರಳಿದ್ದ ಅವರಿಗೆ ಅಲ್ಲಿ ಜೆಡಿಎಸ್‌ನ ಜಿ.ಟಿ. ದೇವೇಗೌಡ ಪ್ರಬಲ ಎದುರಾಳಿಯಾಗಿದ್ದರು. ಅದೇ ಕ್ಷೇತ್ರದ 2006ರ ಉಪಚುನಾವಣೆಯಲ್ಲಿ ಸಿದ್ದರಾಮಯ್ಯ ಅವರು ಕೇವಲ 257 ಮತಗಳಿಂದ ಗೆದ್ದಿದ್ದರು ಎಂಬುದನ್ನು ನೆನೆದರೆ ಎರಡನೆಯ ಕ್ಷೇತ್ರದ ಅಗತ್ಯ ಅರ್ಥವಾಗುತ್ತದೆ.

ಶ್ರೀರಾಮುಲು ಬಳ್ಳಾರಿಯವರು, ವಾಲ್ಮೀಕಿ ನಾಯಕ ಸಮುದಾಯದ ಪ್ರಭಾವಿ ನಾಯಕ. 2008ರ ಬಿಜೆಪಿ ಸರ್ಕಾರದಲ್ಲಿ ಆರೋಗ್ಯ ಸಚಿವರಾಗಿದ್ದರು. 2011ರಲ್ಲಿ ಪಕ್ಷ ತೊರೆದು ಬಳ್ಳಾರಿ ಗ್ರಾಮೀಣ ಕ್ಷೇತ್ರದ ಉಪಚುನಾವಣೆಯನ್ನು ಪಕ್ಷೇತರರಾಗಿ ಗೆದ್ದರು. ಬಿಎಸ್‌ಆರ್ ಕಾಂಗ್ರೆಸ್ ಎಂಬ ಸ್ವಂತ ಪಕ್ಷ ಕಟ್ಟಿ 2013ರ ಚುನಾವಣೆಯಲ್ಲಿ ನಾಲ್ಕು ಸ್ಥಾನ ಪಡೆದರು. ಬಳಿಕ ಬಿಜೆಪಿಗೆ ಮರಳಿ 2014ರಲ್ಲಿ ಬಳ್ಳಾರಿಯಿಂದ ಲೋಕಸಭೆಗೆ ಹೋದರು. ಅವರ ಸ್ಪರ್ಧೆಯಿಂದ ಬಿಜೆಪಿ ಎರಡು ಲಾಭಗಳನ್ನು ಬಯಸಿತ್ತು: ವಾಲ್ಮೀಕಿ ಮತಗಳು ಪಕ್ಷಕ್ಕೆ ಬರುವುದು, ಮತ್ತು ಮುಖ್ಯಮಂತ್ರಿಯನ್ನು ಒಂದೇ ಕ್ಷೇತ್ರದಲ್ಲಿ ಕಟ್ಟಿಹಾಕುವುದು.

ಈ ಇಬ್ಬರ ಎದುರುಬದುರು ಹೊಸದೇನಲ್ಲ. ಅಕ್ರಮ ಗಣಿಗಾರಿಕೆಯನ್ನು ವಿರೋಧಿಸಿ 2010ರಲ್ಲಿ ಕಾಂಗ್ರೆಸ್ ಬೆಂಗಳೂರಿನಿಂದ ಬಳ್ಳಾರಿಗೆ ನಡೆಸಿದ ಪಾದಯಾತ್ರೆಯ ಮುಂಚೂಣಿಯಲ್ಲಿ ಅಂದಿನ ವಿರೋಧ ಪಕ್ಷದ ನಾಯಕ ಸಿದ್ದರಾಮಯ್ಯ ಇದ್ದರು. ಆ ಯಾತ್ರೆ ಗುರಿಯಾಗಿಸಿಕೊಂಡದ್ದು ಬಳ್ಳಾರಿಯ ರೆಡ್ಡಿ ಸಹೋದರರನ್ನು ಮತ್ತು ಅವರ ಆಪ್ತರೆನಿಸಿದ್ದ ಶ್ರೀರಾಮುಲು ಅವರ ಬಳಗವನ್ನು. 2018ರ ಬಾದಾಮಿ ಒಂದು ಅರ್ಥದಲ್ಲಿ ಆ ಬಳ್ಳಾರಿ ರಾಜಕಾರಣದ ಮುಂದುವರಿಕೆ. ಬಾದಾಮಿಯ ನೀರು, ನೇಕಾರಿಕೆ, ರಸ್ತೆಗಳ ಸಂಗತಿ ಈ ದೊಡ್ಡ ಜಗಳದ ನೆರಳಿಗೆ ಸರಿಯಿತು.

ಮೂವರಲ್ಲಿ ಸ್ಥಳೀಯರೆಂದರೆ ಹನುಮಂತ ಮಾವಿನಮರದ ಒಬ್ಬರೇ. ರಾಜ್ಯಮಟ್ಟದ ವರದಿಗಳಲ್ಲಿ ಅವರ ಹೆಸರು ಅಪರೂಪ. ಫಲಿತಾಂಶದ ಅಂಕಿಗಳಲ್ಲಿ ಮಾತ್ರ ಅವರನ್ನು ಬದಿಗಿಡಲಾಗದು.

ಪ್ರಚಾರ

ಸಿದ್ದರಾಮಯ್ಯ ಅವರು ರಾಜ್ಯದಾದ್ಯಂತ ಪ್ರಚಾರ ಮಾಡಬೇಕಿತ್ತು. ಚಾಮುಂಡೇಶ್ವರಿಗೂ ಸಮಯ ಕೊಡಬೇಕಿತ್ತು. ಬಾದಾಮಿಯ ಕೆಲಸವನ್ನು ಬಹುಪಾಲು ಇತರರೇ ನಿರ್ವಹಿಸಿದರು. ಅವರಲ್ಲಿ ಮುಖ್ಯರಾದ ಸತೀಶ ಜಾರಕಿಹೊಳಿ ಬೆಳಗಾವಿ ಜಿಲ್ಲೆಯವರು, ಶ್ರೀರಾಮುಲು ಅವರಂತೆಯೇ ವಾಲ್ಮೀಕಿ ನಾಯಕ ಸಮುದಾಯದವರು. ಕುರುಬ ಮತಗಳ ಬಲದ ಕ್ಷೇತ್ರಕ್ಕೆ ಬಿಜೆಪಿ ವಾಲ್ಮೀಕಿ ನಾಯಕನನ್ನು ಕಳಿಸಿದರೆ, ಆ ಮತಗಳು ಒಡೆಯಲೆಂದು ಕಾಂಗ್ರೆಸ್ ಇನ್ನೊಬ್ಬ ವಾಲ್ಮೀಕಿ ನಾಯಕನಿಗೆ ಉಸ್ತುವಾರಿ ಕೊಟ್ಟಿತು. ಬಹಿರಂಗ ಪ್ರಚಾರದ ಕೊನೆಯ ದಿನವಾದ ಮೇ 10ರಂದು ಬಿಜೆಪಿಯ ರಾಷ್ಟ್ರಾಧ್ಯಕ್ಷ ಅಮಿತ್ ಶಾ ಬಾದಾಮಿಯಲ್ಲಿ ರೋಡ್ ಶೋ ನಡೆಸಿದರು.

ಕ್ಷೇತ್ರದಲ್ಲಿ ಯಾವ ಸಮುದಾಯದ ಮತ ಎಷ್ಟು ಎಂಬ ಲೆಕ್ಕಗಳು ಆ ದಿನಗಳಲ್ಲಿ ಧಾರಾಳವಾಗಿ ಚಲಾವಣೆಯಲ್ಲಿದ್ದವು. ಅವು ಪಕ್ಷಗಳ ಅಂದಾಜುಗಳು. ಚುನಾವಣಾ ಆಯೋಗ ಜಾತಿವಾರು ಮತದಾರರ ಪಟ್ಟಿಯನ್ನು ಪ್ರಕಟಿಸುವುದಿಲ್ಲ. ಕುರುಬರು, ಲಿಂಗಾಯತರು, ನೇಕಾರ ಸಮುದಾಯಗಳು, ವಾಲ್ಮೀಕಿ ನಾಯಕರು, ಪರಿಶಿಷ್ಟ ಜಾತಿಗಳು ಮತ್ತು ಮುಸ್ಲಿಮರು ಇಲ್ಲಿ ಗಣನೀಯ ಸಂಖ್ಯೆಯಲ್ಲಿದ್ದಾರೆ ಎಂಬುದಕ್ಕಿಂತ ಹೆಚ್ಚಿನದನ್ನು ಆ ಲೆಕ್ಕಗಳಿಂದ ಪಡೆಯಹೊರಟರೆ ತಪ್ಪಾದೀತು.

ಫಲಿತಾಂಶ

ಮೇ 15ರಂದು ಮತ ಎಣಿಕೆ ನಡೆಯಿತು. ಸಿದ್ದರಾಮಯ್ಯ ಅವರಿಗೆ 67,599, ಶ್ರೀರಾಮುಲು ಅವರಿಗೆ 65,903, ಹನುಮಂತ ಮಾವಿನಮರದ ಅವರಿಗೆ 24,484 ಮತಗಳು ಬಂದವು. ಮೊದಲ ಇಬ್ಬರು ಪಡೆದ ಒಟ್ಟು 1,33,502 ಮತಗಳಲ್ಲಿ ಅಂತರ ಶೇಕಡಾ 1.3ಕ್ಕಿಂತ ಕಡಿಮೆ. ಕಾಂಗ್ರೆಸ್ಸಿಗೆ ಮತ ಹಾಕಿದವರಲ್ಲಿ 849 ಮಂದಿ ಬಿಜೆಪಿಗೆ ಹಾಕಿದ್ದರೆ ಫಲಿತಾಂಶ ತಿರುಗಿಬೀಳುತ್ತಿತ್ತು. ಮೂರನೆಯ ಅಭ್ಯರ್ಥಿಯ ಮತಗಳು ಗೆಲುವಿನ ಅಂತರದ ಹದಿನಾಲ್ಕು ಪಟ್ಟು. ‘ನೋಟಾ’ ಗುಂಡಿ ಒತ್ತಿದವರ ಸಂಖ್ಯೆಯೂ ಅಂತರಕ್ಕಿಂತ ಹೆಚ್ಚಿತ್ತು. ಹಾಗೆಂದು ಇದು ಆ ವರ್ಷದ ಅತ್ಯಂತ ಬಿಗಿಯಾದ ಸ್ಪರ್ಧೆಯೇನಲ್ಲ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 213 ಮತಗಳ ಅಂತರವಿತ್ತು.

ಹನುಮಂತ ಮಾವಿನಮರದ ಅವರು ಕಣದಲ್ಲಿ ಇಲ್ಲದಿದ್ದರೆ ಆ ಮತಗಳು ಎತ್ತ ಹೋಗುತ್ತಿದ್ದವು ಎಂಬುದನ್ನು ಅಂಕಿಗಳಿಂದ ಸಾಧಿಸಿ ತೋರಿಸಲಾಗದು. ಆದರೂ ಒಂದು ತೀರ್ಮಾನಕ್ಕೆ ಆಧಾರವಿದೆ. ಚಾಮುಂಡೇಶ್ವರಿಯಲ್ಲಿ ಸಿದ್ದರಾಮಯ್ಯ ಅವರ ವಿರೋಧಿ ಮತಗಳು ಬಹುತೇಕ ಜೆಡಿಎಸ್ ಅಭ್ಯರ್ಥಿಯ ಹಿಂದೆ ಒಂದಾದವು. ಅಲ್ಲಿ ಅವರು 36,042 ಮತಗಳಿಂದ ಸೋತರು. ಬಾದಾಮಿಯಲ್ಲಿ ಅಂಥ ಮತಗಳು ಎರಡು ಪಕ್ಷಗಳ ನಡುವೆ ಹಂಚಿಹೋದವು. ಇಲ್ಲಿ ಅವರು ಉಳಿದುಕೊಂಡರು. ತವರಿನಲ್ಲಿ ಸೋತು, ಪರಿಚಯವಿಲ್ಲದ ನೆಲದಲ್ಲಿ ಗೆದ್ದದ್ದಕ್ಕೆ ಅಭ್ಯರ್ಥಿಯ ಗುಣಕ್ಕಿಂತ ಎದುರಾಳಿಗಳ ಸಂಖ್ಯೆ ಮತ್ತು ಅವರ ನಡುವಿನ ಹಂಚಿಕೆ ಹೆಚ್ಚಿನ ವಿವರಣೆ ನೀಡುತ್ತವೆ. ಬಾಗಲಕೋಟೆ ಜಿಲ್ಲೆಯ ಏಳು ಕ್ಷೇತ್ರಗಳಲ್ಲಿ 2013ರಲ್ಲಿ ಆರನ್ನು ಗೆದ್ದಿದ್ದ ಕಾಂಗ್ರೆಸ್ಸಿಗೆ ಈ ಬಾರಿ ಬಾದಾಮಿ ಮತ್ತು ಜಮಖಂಡಿ ಎರಡೇ ಉಳಿದವು ಎಂಬುದೂ ಮುಖ್ಯಮಂತ್ರಿಯ ಸ್ಪರ್ಧೆಯಿಂದ ಸುತ್ತಲಿನ ಕ್ಷೇತ್ರಗಳಿಗೆ ಲಾಭವಾಗಲಿಲ್ಲವೆಂದು ತೋರಿಸುತ್ತದೆ.

ಹೊರಗಿನ ನಾಯಕರು ಮತ್ತು ಜಿಲ್ಲೆಯ ಹಿಂದಿನ ಅನುಭವ

ಬಾದಾಮಿಗೆ ಇದು ಹೊಸ ಅನುಭವವಾದರೂ ಬಾಗಲಕೋಟೆ ಪ್ರದೇಶಕ್ಕೆ ಹೊಸದಲ್ಲ. 1962ರ ಚುನಾವಣೆಯಲ್ಲಿ ಹೊಸದುರ್ಗದಲ್ಲಿ ಸೋತ ಎಸ್. ನಿಜಲಿಂಗಪ್ಪನವರಿಗಾಗಿ ಬಾಗಲಕೋಟೆಯ ಶಾಸಕ ಬಿ.ಟಿ. ಮುರನಾಳ ಸ್ಥಾನ ತೆರವು ಮಾಡಿದರು. ನಿಜಲಿಂಗಪ್ಪ ಅಲ್ಲಿಂದ ಆಯ್ಕೆಯಾಗಿ ಮುಖ್ಯಮಂತ್ರಿಯಾದರು. ಈ ನಡುವಿನ ಕೆಲವು ತಿಂಗಳು ಮುಖ್ಯಮಂತ್ರಿಯಾಗಿದ್ದು ದಾರಿ ಬಿಟ್ಟುಕೊಟ್ಟವರು ಹುನಗುಂದದ ಎಸ್.ಆರ್. ಕಂಠಿ. 1991ರಲ್ಲಿ ಇದಕ್ಕೆ ವಿರುದ್ಧವಾದುದು ಸಂಭವಿಸಿತು. ಮಾಜಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ಜನತಾದಳದ ಅಭ್ಯರ್ಥಿಯಾಗಿ ಬಾಗಲಕೋಟೆ ಲೋಕಸಭಾ ಕ್ಷೇತ್ರದಲ್ಲಿ ನಿಂತರು. ರಾಷ್ಟ್ರಮಟ್ಟದ ಆ ನಾಯಕನನ್ನು ಕಾಂಗ್ರೆಸ್ಸಿನ ಸಿದ್ದು ನ್ಯಾಮಗೌಡ ಸೋಲಿಸಿದರು. ಸರ್ಕಾರಕ್ಕೆ ಕಾಯದೆ, ರೈತರ ಹಣ ಮತ್ತು ಶ್ರಮದಿಂದ ಕೃಷ್ಣಾ ನದಿಗೆ ಚಿಕ್ಕಪಡಸಲಗಿಯಲ್ಲಿ ಬ್ಯಾರೇಜ್ ಕಟ್ಟಿಸಿದ ಮುಂದಾಳು ಅವರು. ‘ಬ್ಯಾರೇಜ್ ಸಿದ್ದು’ ಎಂಬ ಹೆಸರು ಅವರಿಗೆ ಹಾಗೆ ಬಂದದ್ದು.

1991ರಲ್ಲಿ ಹೊರಗಿನ ದೊಡ್ಡ ಹೆಸರಿಗೆ ಎದುರಾಗಿ, ಕಣ್ಣಿಗೆ ಕಾಣುವ ಕೆಲಸ ಮಾಡಿದ್ದ ಸ್ಥಳೀಯನೊಬ್ಬ ಪ್ರಮುಖ ಪಕ್ಷದಿಂದಲೇ ನಿಂತಿದ್ದ. 2018ರ ಬಾದಾಮಿಯ ಮತದಾರರಿಗೆ ಎರಡು ದೊಡ್ಡ ಪಕ್ಷಗಳೂ ಆ ಆಯ್ಕೆಯನ್ನು ಕೊಡಲಿಲ್ಲ.

ನಂತರದ ಬೆಳವಣಿಗೆಗಳು

ಯಾವ ಪಕ್ಷಕ್ಕೂ ಬಹುಮತ ಬರಲಿಲ್ಲ. ಮತದಾನ ನಡೆದ 222 ಕ್ಷೇತ್ರಗಳಲ್ಲಿ ಬಿಜೆಪಿ 104, ಕಾಂಗ್ರೆಸ್ 78, ಜೆಡಿಎಸ್ 37 ಸ್ಥಾನ ಪಡೆದವು. ಮೇ 17ರಂದು ಪ್ರಮಾಣವಚನ ಸ್ವೀಕರಿಸಿದ ಬಿ.ಎಸ್. ಯಡಿಯೂರಪ್ಪ 19ರಂದು ರಾಜೀನಾಮೆ ನೀಡಿದರು, 23ರಂದು ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿಯಾದರು. ಬಾದಾಮಿಯ ಶಾಸಕರಾದ ಸಿದ್ದರಾಮಯ್ಯ ಅವರು ಮೈತ್ರಿ ಸರ್ಕಾರದ ಸಮನ್ವಯ ಸಮಿತಿಯ ಅಧ್ಯಕ್ಷರಾದರು, ಆ ಸರ್ಕಾರ 2019ರಲ್ಲಿ ಪತನವಾದ ಬಳಿಕ ವಿರೋಧ ಪಕ್ಷದ ನಾಯಕರಾದರು. ಬಾದಾಮಿಯ ಗೆಲುವು ಇಲ್ಲದಿದ್ದರೆ ವಿಧಾನಸಭೆಯಲ್ಲಿ ಆ ಸ್ಥಾನ ಅವರಿಗೆ ದಕ್ಕುತ್ತಿರಲಿಲ್ಲ. ಶ್ರೀರಾಮುಲು ಮೊಳಕಾಲ್ಮೂರಿನಲ್ಲಿ ಗೆದ್ದು ಲೋಕಸಭಾ ಸದಸ್ಯತ್ವ ಬಿಟ್ಟರು. ಅದರಿಂದ ಬಂದ ಬಳ್ಳಾರಿ ಉಪಚುನಾವಣೆಯನ್ನು 2018ರ ನವೆಂಬರ್‌ನಲ್ಲಿ ಕಾಂಗ್ರೆಸ್ಸಿನ ವಿ.ಎಸ್. ಉಗ್ರಪ್ಪ ಗೆದ್ದರು. ಸಿದ್ದು ನ್ಯಾಮಗೌಡ ಜಮಖಂಡಿಯಿಂದ ಮರು ಆಯ್ಕೆಯಾದ ಎರಡೇ ವಾರಗಳಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು.

2023ರಲ್ಲಿ ಸಿದ್ದರಾಮಯ್ಯ ಅವರು ದೂರದ ಕಾರಣ ನೀಡಿ ಬಾದಾಮಿಯಿಂದ ಮತ್ತೆ ಸ್ಪರ್ಧಿಸಲಿಲ್ಲ. ಮೊದಲು ಕೋಲಾರದ ಮಾತಾಡಿ, ಕೊನೆಗೆ ವರುಣಾದಿಂದ ಗೆದ್ದು ಎರಡನೆಯ ಬಾರಿ ಮುಖ್ಯಮಂತ್ರಿಯಾದರು. ಅದೇ ಚುನಾವಣೆಯಲ್ಲಿ ಶ್ರೀರಾಮುಲು ಬಳ್ಳಾರಿ ಗ್ರಾಮೀಣದಲ್ಲಿ ಸೋತರು. ಬಾದಾಮಿಯಲ್ಲಿ ಬಿ.ಬಿ. ಚಿಮ್ಮನಕಟ್ಟಿ ಅವರ ಮಗ ಭೀಮಸೇನ ಚಿಮ್ಮನಕಟ್ಟಿ ಕಾಂಗ್ರೆಸ್ಸಿನಿಂದ ಶಾಸಕರಾದರು.