ಯಾವ ವಿದ್ಯೆಗೆ ಎಷ್ಟು ತೂಕ?

ಪ್ರತಿ ವರ್ಷವೂ ಪದವಿಪೂರ್ವ ಪರೀಕ್ಷೆಯ ಫಲಿತಾಂಶ ಹೊರಬೀಳುತ್ತಲೇ ಮನೆಮನೆಗಳಲ್ಲಿಯೂ ಒಂದು ಪ್ರಶ್ನೆ ಏಳುತ್ತದೆ: ಮುಂದೆ ಯಾವ ವಿಷಯವನ್ನು ಓದಬೇಕು? ಎಂಜಿನಿಯರಿಂಗ್ ಮೇಲೋ, ಭೌತಶಾಸ್ತ್ರ ಮೇಲೋ, ವಾಣಿಜ್ಯವೋ, ಇತಿಹಾಸವೋ? ನೆರೆಯವರೂ ನೆಂಟರೂ ತಮಗೆ ತೋಚಿದ ಉತ್ತರವನ್ನು ಕೊಡುತ್ತಾರೆ. ಸಾಮಾನ್ಯವಾಗಿ ಆ ಉತ್ತರಗಳಿಗೆ ಆಧಾರ ಒಂದೇ: ಯಾವುದನ್ನು ಓದಿದವರಿಗೆ ಎಷ್ಟು ಸಂಬಳ ಬರುತ್ತದೆಂಬುದು. ಈ ಅಳತೆಯನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದನ್ನು ಇಲ್ಲಿ ಪರಿಶೀಲಿಸೋಣ.

ಸಂಬಳದ ಮಾತು ಕೀಳೆಂದು ನಾವು ಹೇಳುವುದಿಲ್ಲ. ಸಾಲ ಮಾಡಿ ಮಕ್ಕಳನ್ನು ಓದಿಸುವ ತಂದೆತಾಯಿಗಳಿಗೆ ಅದು ಅನ್ನದ ಪ್ರಶ್ನೆ. ಆದುದರಿಂದಲೇ ಅದನ್ನು ಸರಿಯಾಗಿ ಅಳೆಯುವುದು ಅವಶ್ಯಕ. ಪ್ರಯೋಗಶಾಲೆಯಲ್ಲಿ ವಸ್ತುವನ್ನು ತೂಗುವ ಮೊದಲು ತಕ್ಕಡಿಯಲ್ಲಿ ದೋಷವಿದೆಯೇ ಎಂದು ನೋಡಿಕೊಳ್ಳುತ್ತೇವಷ್ಟೆ. ಇಲ್ಲಿಯೂ ಹಾಗೆಯೇ ಮಾಡಬೇಕು.

ಮೊದಲನೆಯ ದೋಷ ಸರಾಸರಿಯದು. ಒಂದು ವಿಷಯವನ್ನು ಓದಿದ ಐವರಲ್ಲಿ ನಾಲ್ವರಿಗೆ ತಿಂಗಳಿಗೆ ೨೦,೦೦೦ ರೂಪಾಯಿ, ಐದನೆಯವನಿಗೆ ೧,೨೦,೦೦೦ ರೂಪಾಯಿ ಸಂಬಳವೆಂದು ಇಟ್ಟುಕೊಳ್ಳೋಣ. ಸರಾಸರಿ ೪೦,೦೦೦ ರೂಪಾಯಿ. ಆದರೆ ಐವರಲ್ಲಿ ಒಬ್ಬನಿಗೂ ಆ ಸಂಬಳವಿಲ್ಲ! ಇಂಥಲ್ಲಿ ಎಲ್ಲರನ್ನೂ ಸಂಬಳದ ಕ್ರಮದಲ್ಲಿ ನಿಲ್ಲಿಸಿ, ಸರಿಯಾಗಿ ನಡುವೆ ನಿಂತವನನ್ನು ಕೇಳುವುದು ಮೇಲು. ಹೀಗೆ ದೊರೆಯುವ ಸಂಖ್ಯೆಗೆ ಮಧ್ಯಾಂಕವೆಂದು ಹೆಸರು. ಇಲ್ಲಿ ಅದು ೨೦,೦೦೦.

ಎರಡನೆಯ ದೋಷ ಇನ್ನೂ ಸೂಕ್ಷ್ಮವಾದುದು. ಪ್ರವೇಶಪರೀಕ್ಷೆಯಲ್ಲಿ ಮುಂದಿನ ಸ್ಥಾನಗಳನ್ನು ಪಡೆದವರೇ ಒಂದು ವಿಷಯಕ್ಕೆ ಸೇರಿದರೆ, ಅವರ ಮುಂದಿನ ಗಳಿಕೆಯಲ್ಲಿ ವಿಷಯದ ಪಾಲೆಷ್ಟು, ಅವರ ಸ್ವಂತ ಶಕ್ತಿಯ ಪಾಲೆಷ್ಟು? ಎತ್ತರದವರನ್ನೇ ಆರಿಸಿ ಒಂದು ಕೋಣೆಯಲ್ಲಿ ಕೂಡಿಸಿ, ಆ ಕೋಣೆಯಲ್ಲಿ ಕುಳಿತವರೆಲ್ಲ ಎತ್ತರವಾಗುತ್ತಾರೆಂದು ಹೇಳಬಹುದೇ?

ಮೂರನೆಯದು ಕಾಲದ ದೋಷ. ಸಂಬಳದ ಪಟ್ಟಿ ಹೇಳುವುದು ಇಂದಿನ ಸಂಗತಿಯನ್ನು. ವಿದ್ಯಾರ್ಥಿಯಾದರೋ ಮುಂದಿನ ೩೫–೪೦ ವರ್ಷ ದುಡಿಯತಕ್ಕವನು. ೧೮೭೦ರ ದಶಕದಲ್ಲಿ ಮ್ಯಾಕ್ಸ್ ಪ್ಲಾಂಕ್ ಎಂಬ ತರುಣನು ಮ್ಯೂನಿಕ್ ನಗರದಲ್ಲಿ ಭೌತಶಾಸ್ತ್ರವನ್ನು ಓದಬಯಸಿದಾಗ, ಆ ಶಾಸ್ತ್ರದಲ್ಲಿ ಕಂಡುಹಿಡಿಯತಕ್ಕದ್ದು ಬಹುಮಟ್ಟಿಗೆ ಮುಗಿದುಹೋಗಿದೆಯೆಂದು ಅಲ್ಲಿನ ಪ್ರಾಧ್ಯಾಪಕನೊಬ್ಬನು ಅವನಿಗೆ ಹೇಳಿದನಂತೆ. ೧೯೦೦ರಲ್ಲಿ ಅದೇ ಪ್ಲಾಂಕನು ಕ್ವಾಂಟಮ್ ಕಲ್ಪನೆಯನ್ನು ಮುಂದಿಟ್ಟು ಹೊಸದೊಂದು ಭೌತಶಾಸ್ತ್ರಕ್ಕೇ ಅಡಿಪಾಯ ಹಾಕಿದನು.

ನಾಲ್ಕನೆಯದಾಗಿ, ಫಲವನ್ನು ಯಾವ ವಿಷಯದ ಲೆಕ್ಕಕ್ಕೆ ಬರೆಯಬೇಕೆಂಬುದೇ ಅನೇಕವೇಳೆ ತಿಳಿಯದು. ೧೮೫೪ರಲ್ಲಿ ಜಾರ್ಜ್ ಬೂಲನು ತರ್ಕವನ್ನು ಬೀಜಗಣಿತದ ರೂಪದಲ್ಲಿ ವಿವರಿಸಿ ಗ್ರಂಥವೊಂದನ್ನು ಬರೆದನು. ಎಷ್ಟೋ ವರ್ಷಗಳ ಮೇಲೆ ಅಮೆರಿಕದ ಕ್ಲಾಡ್ ಶಾನನ್ ಎಂಬ ವಿದ್ಯಾರ್ಥಿಗೆ ಬೂಲನ ಪರಿಚಯವಾದುದು ತತ್ತ್ವಶಾಸ್ತ್ರದ ತರಗತಿಯಲ್ಲಿ. ೧೯೩೭ರಲ್ಲಿ ಅವನು ವಿದ್ಯುತ್ ಸ್ವಿಚ್ಚುಗಳ ಜಾಲವನ್ನು ಆ ಬೀಜಗಣಿತದಿಂದಲೇ ವಿವರಿಸಬಹುದೆಂದು ತೋರಿಸಿದನು. ಇಂದಿನ ಗಣಕಯಂತ್ರಗಳ ಮಂಡಲಗಳನ್ನು ರಚಿಸುವುದು ಈ ಮಾರ್ಗದಲ್ಲಿಯೇ. ಇದರ ಕೀರ್ತಿ ತತ್ತ್ವಶಾಸ್ತ್ರಕ್ಕೋ, ಗಣಿತಕ್ಕೋ, ಎಂಜಿನಿಯರಿಂಗಿಗೋ?

ಹಾಗಾದರೆ ವಿದ್ಯಾರ್ಥಿ ಮಾಡಬೇಕಾದುದೇನು? ಒಂದು ವಿಷಯದಲ್ಲಿ ಮೇಲಿನವನ ಸಂಬಳವನ್ನಲ್ಲ, ನಡುವಿನವನ ಮತ್ತು ಕೆಳಗಿನವನ ಸಂಬಳವನ್ನು ವಿಚಾರಿಸಲಿ. ತನ್ನ ಮುಂದಿರುವ ಪ್ರತಿಯೊಂದು ವಿಷಯದ ಮೊದಲ ವರ್ಷದ ಪಠ್ಯಪುಸ್ತಕದಿಂದ ಒಂದು ಅಧ್ಯಾಯವನ್ನು, ಯಾರ ಒತ್ತಾಯವೂ ಇಲ್ಲದೆ, ಓದಿ ನೋಡಲಿ. ಯಾವುದರ ಸಮಸ್ಯೆಗಳೊಡನೆ ಬೇಸರವಿಲ್ಲದೆ ಕುಳಿತಿರಬಲ್ಲನೆಂಬುದು ಅಷ್ಟರಿಂದಲೇ ತಕ್ಕಮಟ್ಟಿಗೆ ತಿಳಿಯುತ್ತದೆ. ಮನೆಯ ಸ್ಥಿತಿ ಬೇಗನೆ ಸಂಪಾದನೆಯನ್ನು ಬೇಡಿದರೆ ಅದಕ್ಕೆ ತಕ್ಕಂತೆ ಆರಿಸಿಕೊಳ್ಳುವುದರಲ್ಲಿ ಅವಮಾನವೇನೂ ಇಲ್ಲ. ಆರಿಸಿಕೊಂಡ ವಿಷಯ ಸೆರೆಮನೆಯೂ ಅಲ್ಲ. ವೆಂಕಟರಾಮನ್ ರಾಮಕೃಷ್ಣನ್ ಅವರು ೧೯೭೧ರಲ್ಲಿ ಬರೋಡದಲ್ಲಿ ಪದವಿ ಪಡೆದುದು ಭೌತಶಾಸ್ತ್ರದಲ್ಲಿ. ಅನಂತರ ತಿರುಗಿದುದು ಜೀವಶಾಸ್ತ್ರದ ಕಡೆಗೆ. ೨೦೦೯ರಲ್ಲಿ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆತುದು ರಸಾಯನಶಾಸ್ತ್ರದಲ್ಲಿ!

ಭೌತಶಾಸ್ತ್ರವನ್ನು ಕಲಿಸುವ ನಮಗೆ ನಮ್ಮ ವಿಷಯದ ಮೇಲೆ ಪಕ್ಷಪಾತವಿರುವುದು ಸಹಜ. ವಾಚಕರು ಅದನ್ನೂ ತಕ್ಕಡಿಯ ದೋಷಗಳಲ್ಲಿ ಒಂದಾಗಿ ಎಣಿಸಿಕೊಂಡು, ತೂಗುವ ಕೆಲಸವನ್ನು ತಾವೇ ಮಾಡಬೇಕೆಂದು ನಮ್ಮ ಕೋರಿಕೆ.