ನಿಮಗಿದು ಗೊತ್ತೇ? ಗಿರ್ರೆನ್ನುವ ಜಾರಿನ ಸಂಗತಿಗಳು

ಸ್ಮೂದಿಗೆಂದು ಸಾವಿರಾರು ರೂಪಾಯಿ ಕೊಟ್ಟು ತಂದ ವಿಟಾಮಿಕ್ಸ್‌ನಂಥ ಬ್ಲೆಂಡರಿನ ಬ್ಲೇಡು ಮೊಂಡು! ಅಲ್ಲಿ ಕೆಲಸ ಮಾಡುವುದು ವೇಗ. 8 ಸೆಂ.ಮೀ. ಅಗಲದ ಬ್ಲೇಡು ನಿಮಿಷಕ್ಕೆ 20,000 ಸುತ್ತು ಹೊಡೆದರೆ ಅದರ ತುದಿ ಗಂಟೆಗೆ ಸುಮಾರು 300 ಕಿ.ಮೀ. ವೇಗದಲ್ಲಿರುತ್ತದೆ. ಆ ಏಟಿಗೆ ಐಸು, ಖರ್ಜೂರ ಎಲ್ಲ ಜಜ್ಜಿ ನುಣ್ಣಗಾಗುತ್ತವೆ.

ಒಲೆಯಿಲ್ಲದೆ ಸೂಪು ಬಿಸಿಯಾಗುತ್ತದೆ. ಐದಾರು ನಿಮಿಷ ಜೋರಾಗಿ ತಿರುಗಿಸಿದರೆ ಸಾಕು, ತಿಕ್ಕಾಟದ ಶಾಖಕ್ಕೇ ಹಬೆಯೇಳುತ್ತದೆ. ಇಡ್ಲಿಗೆ ಉದ್ದು ರುಬ್ಬುವಾಗ ಐಸ್ ನೀರು ಹಾಕುವುದು ಇದೇ ಶಾಖಕ್ಕೆ ಹೆದರಿ.

ಜಾರಿನ ತಳದಲ್ಲಿ ಬ್ಲೇಡು ಕೂರಿಸುವ ಉಪಾಯ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ರಸೀನ್ ಊರಿನ ಸ್ಟೀಫನ್ ಪೊಪ್ಲಾವ್‌ಸ್ಕಿಯದು. ವರ್ಷ 1922. ಆಗ ಹಾರ್ಲಿಕ್ಸ್ ಕಂಪನಿಯೂ ಅದೇ ಊರಿನಲ್ಲಿತ್ತು. ಮಾಲ್ಟ್ ಹಾಲು ಕಲಕುವುದಕ್ಕೆಂದು ಹುಟ್ಟಿದ ಯಂತ್ರ ಇದು.

1937ರಲ್ಲಿ ಅದನ್ನು ಪೇಟೆಗೆ ತಂದು ಹೆಸರು ಮಾಡಿದವರು ಫ್ರೆಡ್ ವೇರಿಂಗ್. ಎಂಜಿನಿಯರ್ ಅಲ್ಲ, ಬ್ಯಾಂಡ್ ನಡೆಸುತ್ತಿದ್ದ ಸಂಗೀತಗಾರ!

ಆ ವೇರಿಂಗ್ ಬ್ಲೆಂಡರ್ ಅಡುಗೆಮನೆಯಿಂದ ಪ್ರಯೋಗಾಲಯಕ್ಕೂ ಹೋಯಿತು. ಬ್ಯಾಕ್ಟೀರಿಯಾದ ಮೈಗೆ ಕಚ್ಚಿಕೊಂಡ ವೈರಸ್ ಒಳಗೆ ಕಳಿಸುವುದು ಪ್ರೋಟೀನನ್ನೋ ಡಿಎನ್ಎಯನ್ನೋ? 1952ರಲ್ಲಿ ಆಲ್‌ಫ್ರೆಡ್ ಹರ್ಷಿ ಮತ್ತು ಮಾರ್ಥಾ ಚೇಸ್ ವಿಕಿರಣಶೀಲ ಗಂಧಕದಿಂದ ಪ್ರೋಟೀನಿಗೆ, ರಂಜಕದಿಂದ ಡಿಎನ್ಎಗೆ ಗುರುತು ಹಾಕಿ, ಎಲ್ಲವನ್ನೂ ಬ್ಲೆಂಡರಿಗೆ ಸುರಿದು ತಿರುಗಿಸಿದರು. ವೈರಸ್ಸಿನ ಹೊರಚಿಪ್ಪು ಕಳಚಿತು, ಬ್ಯಾಕ್ಟೀರಿಯಾದೊಳಗೆ ಉಳಿದದ್ದು ಮುಖ್ಯವಾಗಿ ರಂಜಕ. ತಲೆಮಾರಿನ ಗುಣ ಹೊರುವುದು ಡಿಎನ್ಎ ಎಂಬ ಮಾತಿಗೆ ಬಲ ಬಂತು. 1969ರ ನೊಬೆಲ್‌ನಲ್ಲಿ ಹರ್ಷಿಗೆ ಪಾಲು ಸಿಕ್ಕಿತು. ಚೇಸ್‌ಗೆ ಸಿಗಲಿಲ್ಲ. ಬ್ಲೆಂಡರಿಗಂತೂ ಇಲ್ಲವೇ ಇಲ್ಲ.

ನಮ್ಮ ಮಿಕ್ಸಿಯ ಕಥೆಯೇ ಬೇರೆ. ಮನೆಯಲ್ಲಿದ್ದ ಜರ್ಮನಿಯ ಮಿಕ್ಸರ್ ಕೆಟ್ಟಾಗ, ಭಾರತದ ಅಡುಗೆಗೆ ತಕ್ಕ ಮೋಟಾರ್ ಮಾಡಲು ಹೊರಟವರು ಎಂಜಿನಿಯರ್ ಸತ್ಯಪ್ರಕಾಶ್ ಮಾಥುರ್. ಅದರ ಫಲವೇ ‘ಸುಮೀತ್’. ಒಣಮೆಣಸಿನಕಾಯಿ, ಕೊತ್ತಂಬರಿ ಬೀಜ ಒಣಗೇ ಪುಡಿಯಾಗಬೇಕಾದರೆ ಇಂದಿಗೂ ಮಿಕ್ಸಿಯ ಸಣ್ಣ ಜಾರೇ ಬೇಕು. ದೊಡ್ಡ ಬ್ಲೆಂಡರಿಗೆ ನೀರಿಲ್ಲದಿದ್ದರೆ ಸುಳಿಯೇ ಏಳದು.

ಕಡಲೆಕಾಯಿ ಬೆಣ್ಣೆಗೆ ಮಾತ್ರ ಹನಿ ನೀರೂ ಬೇಡ. ಹುರಿದ ಬೀಜ ಮೊದಲು ಪುಡಿಯಾಗಿ, ಆಮೇಲೆ ಮುದ್ದೆಗಟ್ಟಿ ಜಾರಿನ ಗೋಡೆಗೆ ಮೆತ್ತಿಕೊಳ್ಳುತ್ತದೆ. ಕೆಟ್ಟಿತೆಂದು ಕೈಬಿಡುವುದು ಬಹಳ ಮಂದಿ ಇಲ್ಲಿಯೇ. ಕೆರೆದು ಕೆರೆದು ಮತ್ತೆ ತಿರುಗಿಸಿ. ಬೀಜದ ಎಣ್ಣೆಯೇ ಬಿಟ್ಟು ಫಳಫಳ ಹೊಳೆಯುತ್ತದೆ.

ಬಾಳೆಹಣ್ಣು ಕಪ್ಪಾಗಿಸುವ ಕಿಣ್ವ, ಬೆರ್ರಿ ಮತ್ತು ಕೋಕೋದಲ್ಲಿರುವ ಫ್ಲವನಾಲ್ ಎಂಬ ಒಳ್ಳೆಯ ಸತ್ವಗಳನ್ನೂ ಕೆಡಿಸುತ್ತದೆ. ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದ 2023ರ ಅಧ್ಯಯನದಲ್ಲಿ, ಬಾಳೆಹಣ್ಣಿನ ಸ್ಮೂದಿ ಕುಡಿದವರ ಮೈಗೆ ಸೇರಿದ ಫ್ಲವನಾಲ್, ಅದನ್ನೇ ಗುಳಿಗೆಯಾಗಿ ನುಂಗಿದವರಿಗಿಂತ 84% ಕಡಿಮೆ. ಹಾಗೆಂದು ಬಾಳೆಹಣ್ಣು ಬಿಡಬೇಕಿಲ್ಲ, ಬೆರ್ರಿಯ ಜೊತೆ ಬೇಡ ಅಷ್ಟೆ. (ಮಾವಿನ ಸೀಕರಣೆಯನ್ನಂತೂ ಜಾರಿಗೆ ಹಾಕಲೇಬೇಡಿ. ಕೈಯಲ್ಲಿ ಕಿವುಚಿದರೇ ರುಚಿ.)

ಕುದಿಯುವ ಸಾರನ್ನು ಜಾರಿನ ತುಂಬ ಸುರಿದು ಮುಚ್ಚಳ ಬಿಗಿದರೆ ಹಬೆ ಅದನ್ನು ಹಾರಿಸೀತು. ಮೂರನೆಯ ಒಂದು ಭಾಗ ಸಾಕು. ಮುಚ್ಚಳದ ನಡುವಿನ ಬಿರಟೆ ತೆಗೆದು ಬಟ್ಟೆ ಹಿಡಿಯಿರಿ.

ಮಿಕ್ಸಿ ದಿಢೀರನೆ ನಿಂತರೆ ರಿಪೇರಿಯವನನ್ನು ಕರೆಯುವ ಮುನ್ನ ಪ್ಲಗ್ ಕಿತ್ತು ತಳ ನೋಡಿ. ಸಾಮಾನ್ಯವಾಗಿ ಅಲ್ಲೊಂದು ಕೆಂಪು ಗುಂಡಿ ಇರುತ್ತದೆ. ಭಾರ ಹೆಚ್ಚಾದಾಗ ಹೊರಬರುವ ಓವರ್‌ಲೋಡ್ ಸ್ವಿಚ್ ಅದು. ಮೋಟಾರ್ ಆರಿದ ಮೇಲೆ ಒತ್ತಿದರಾಯಿತು.